ಅವಧಿಗೆ ಮುನ್ನ ಜನಿಸಿದ ಮಕ್ಕಳ ಶಾಲಾ ವಯಸ್ಸಿನ ಬೌದ್ಧಿಕ ಬೆಳವಣಿಗೆ – ಪೋಷಕರ ಮಾಹಿತಿಗಾಗಿ

ಪೀಠಿಕೆ

ಗರ್ಭಾವಸ್ಥೆಯ 37 ವಾರಗಳು ಪೂರ್ಣಗೊಳ್ಳುವ ಮೊದಲು ಜನಿಸುವ ಶಿಶುವನ್ನು ಅವಧಿಪೂರ್ವ ಶಿಶು ಎಂದು ಪರಿಗಣಿಸಲಾಗುತ್ತದೆ. ಜನಬಳಕೆಯಲ್ಲಿ ಇಂತಹ ಮಗುವನ್ನು ‘ತಿಂಗಳು ತುಂಬದೆ ಹುಟ್ಟಿದ ಕೂಸು’ ಎಂದು ಕರೆಯುವುದುಂಟು. 2020ನೇ ಇಸವಿಯಲ್ಲಿ ಪ್ರಪಂಚದಲ್ಲಿ ಸುಮಾರು 1.34 ಕೋಟಿ ಶಿಶುಗಳು ಅವಧಿಗೆ ಮುನ್ನ ಜನಿಸಿವೆ ಎಂದು ಅಂದಾಜು ಮಾಡಲಾಗಿದೆ. ಅವುಗಳಲ್ಲಿ ಸುಮಾರು 30 ಲಕ್ಷ ಶಿಶುಗಳು ಭಾರತದಲ್ಲಿ ಜನಿಸಿದವು. ಅಂದರೆ ದೇಶದಲ್ಲಿ ಜನಿಸುವ ಪ್ರತಿ ನೂರು ಶಿಶುಗಳಲ್ಲಿ ಸುಮಾರು 13 ಶಿಶುಗಳು ಈ ವರ್ಗಕ್ಕೆ ಸೇರುತ್ತವೆ.

ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳು ಸ್ಥಾಪನೆಯಾದ ನಂತರ ಇಂತಹ ಶಿಶುಗಳು ಬದುಕುಳಿಯುವ ಪ್ರಮಾಣ ಹೆಚ್ಚಿದೆ. ಮಗು ಮನೆಗೆ ಬಂದು, ತೂಕ ಪಡೆದು, ನಡೆಯಲು ಹಾಗೂ ಮಾತನಾಡಲು ಕಲಿತ ಮೇಲೆ ಅದರ ಜನನದ ವಿಷಯವನ್ನು ಕುಟುಂಬದವರು ಸಹಜವಾಗಿಯೇ ಮರೆಯುತ್ತಾರೆ. ಆದರೆ ಅವಧಿಪೂರ್ವ ಜನನದ ಕೆಲವು ಪರಿಣಾಮಗಳು ಮಗು ಒಂದನೇ ತರಗತಿಗೆ ಸೇರಿದ ಮೇಲೆಯೇ ಮೊದಲ ಬಾರಿಗೆ ಕಂಡುಬರುತ್ತವೆ. ಆ ವೇಳೆಗೆ ಮಗುವಿನ ಜನನದ ವಿವರ ಶಿಕ್ಷಕರಿಗೆ ತಿಳಿದಿರುವುದಿಲ್ಲ. ಕಲಿಕೆಯಲ್ಲಿ ಹಿಂದುಳಿಯುವುದಕ್ಕೂ ಜನನಕ್ಕೂ ಸಂಬಂಧವಿರಬಹುದೆಂಬುದು ಪೋಷಕರಿಗೂ ಹೊಳೆಯುವುದಿಲ್ಲ. ಇದರಿಂದ ನೆರವು ದೊರೆಯಬೇಕಾದ ಮಗು ‘ಮಂದಬುದ್ಧಿ’ ಅಥವಾ ‘ಸೋಮಾರಿ’ ಎಂಬ ಹಣೆಪಟ್ಟಿ ಹೊತ್ತು ಹಿಂದಿನ ಬೆಂಚಿನಲ್ಲಿ ಉಳಿದುಬಿಡುವ ಸಂಭವವಿದೆ.

ಬಾಗಲಕೋಟೆ ತಾಲ್ಲೂಕಿನ ಶಿರೂರು ಹಾಗೂ ಸುತ್ತಮುತ್ತಲಿನ ಗ್ರಾಮಗಳ ಪೋಷಕರು ಈ ಪರಿಸ್ಥಿತಿಯನ್ನು ಮುಂಚಿತವಾಗಿ ಗುರುತಿಸಿ, ಲಭ್ಯವಿರುವ ಸೇವೆಗಳನ್ನು ಪಡೆಯಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಅವಧಿಪೂರ್ವ ಜನನದ ವರ್ಗೀಕರಣ

ಗರ್ಭಾವಸ್ಥೆಯ ಪೂರ್ಣಾವಧಿಯನ್ನು 40 ವಾರಗಳೆಂದು ಲೆಕ್ಕಿಸಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಅವಧಿಪೂರ್ವ ಜನನವನ್ನು ಈ ಕೆಳಗಿನಂತೆ ವಿಂಗಡಿಸಿದೆ.

1. 28 ವಾರಗಳಿಗಿಂತ ಮೊದಲು – ಅತ್ಯಂತ ತೀವ್ರ ಅವಧಿಪೂರ್ವ ಜನನ
2. 28 ವಾರದಿಂದ 32 ವಾರ ತುಂಬುವ ಮೊದಲು – ತೀವ್ರ ಅವಧಿಪೂರ್ವ ಜನನ
3. 32 ವಾರದಿಂದ 37 ವಾರ ತುಂಬುವ ಮೊದಲು – ಮಧ್ಯಮ ಹಾಗೂ ತಡ ಅವಧಿಪೂರ್ವ ಜನನ

ಹೆಚ್ಚಿನ ಅವಧಿಪೂರ್ವ ಶಿಶುಗಳು ಮೂರನೆಯ ವರ್ಗಕ್ಕೆ ಸೇರಿರುತ್ತವೆ. ಇವುಗಳಲ್ಲಿ ಬಹುಪಾಲು ಮಕ್ಕಳು ಶಾಲೆಯಲ್ಲಿ ಯಾವುದೇ ವಿಶೇಷ ತೊಂದರೆಯಿಲ್ಲದೆ ಕಲಿಯುತ್ತಾರೆ. ಜನನವು ಮುಂಚಿತವಾದಷ್ಟೂ ಕಲಿಕೆಯ ತೊಂದರೆಯ ಸಂಭವ ಹೆಚ್ಚುತ್ತಾ ಹೋಗುತ್ತದೆ.

ಮೆದುಳಿನ ಬೆಳವಣಿಗೆಯ ಮೇಲೆ ಆಗುವ ಪರಿಣಾಮ

ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳುಗಳು ಶಿಶುವಿನ ಮೆದುಳು ಅತ್ಯಂತ ವೇಗವಾಗಿ ಬೆಳೆಯುವ ಕಾಲ. 34ನೇ ವಾರದಲ್ಲಿ ಮೆದುಳಿನ ತೂಕವು ಪೂರ್ಣಾವಧಿಯ ಶಿಶುವಿನ ಮೆದುಳಿನ ತೂಕದ ಸುಮಾರು ಮೂರನೇ ಎರಡು ಭಾಗದಷ್ಟು ಮಾತ್ರ ಇರುತ್ತದೆ. ಮೆದುಳಿನ ಮೇಲ್ಪದರದ ಮಡಿಕೆಗಳು ರೂಪುಗೊಳ್ಳುವುದು, ನರಕೋಶಗಳ ನಡುವೆ ಸಂಪರ್ಕ ಏರ್ಪಡುವುದು ಹಾಗೂ ನರತಂತುಗಳ ಸುತ್ತ ಕೊಬ್ಬಿನ ಹೊದಿಕೆ ಬೆಳೆಯತೊಡಗುವುದು ಈ ಅವಧಿಯಲ್ಲಿಯೇ. ತಾಯಿಯಿಂದ ಶಿಶುವಿಗೆ ಕಬ್ಬಿಣಾಂಶದ ಬಹುಪಾಲು ಸಂಗ್ರಹ ದೊರೆಯುವುದೂ ಈ ತಿಂಗಳುಗಳಲ್ಲಿಯೇ.

ಬೇಗ ಜನಿಸಿದ ಶಿಶುವಿನಲ್ಲಿ ಈ ಕಾರ್ಯಗಳೆಲ್ಲವೂ ಗರ್ಭದ ಹೊರಗೆ ನಡೆಯಬೇಕಾಗುತ್ತದೆ. ಉಸಿರಾಟದ ತೊಂದರೆ, ಸೋಂಕು, ಮೆದುಳಿನಲ್ಲಿ ರಕ್ತಸ್ರಾವ ಮತ್ತು ಪೌಷ್ಟಿಕಾಂಶದ ಕೊರತೆ ಇವುಗಳು ಮೆದುಳಿನ ಭಾಗಗಳನ್ನು ಜೋಡಿಸುವ ನರತಂತುಗಳಿಗೆ ಹಾನಿಯುಂಟುಮಾಡಬಹುದು. ಈ ತಂತುಗಳ ಮೂಲಕವೇ ಮಾಹಿತಿಯು ಮೆದುಳಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ತ್ವರಿತವಾಗಿ ಸಾಗುತ್ತದೆ. ಆದ್ದರಿಂದ ಇಂತಹ ಮಕ್ಕಳಲ್ಲಿ ಗ್ರಹಿಕೆಯ ವೇಗ, ಗಮನ ಹಾಗೂ ತಾತ್ಕಾಲಿಕ ಸ್ಮರಣೆ ಈ ಮೂರು ಸಾಮರ್ಥ್ಯಗಳು ಹೆಚ್ಚಾಗಿ ಬಾಧಿತವಾಗುತ್ತವೆ.

ಅಧ್ಯಯನಗಳಿಂದ ತಿಳಿದುಬಂದಿರುವ ಅಂಶಗಳು

ಪುಣೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1987ರಿಂದ 1989ರ ಅವಧಿಯಲ್ಲಿ ಜನಿಸಿದ, 2 ಕೆ.ಜಿ.ಗಿಂತ ಕಡಿಮೆ ತೂಕದ ಶಿಶುಗಳನ್ನು ಡಾ. ಸುಧಾ ಚೌಧರಿ ಮತ್ತು ಅವರ ಸಹೋದ್ಯೋಗಿಗಳು ಯೌವನದವರೆಗೆ ಅನುಸರಿಸಿ ಅಧ್ಯಯನ ನಡೆಸಿದರು. 12ನೇ ವಯಸ್ಸಿನಲ್ಲಿ ಈ ಮಕ್ಕಳ ಸರಾಸರಿ ಬುದ್ಧಿಮತ್ತೆಯ ಸೂಚ್ಯಂಕವು ಸುಮಾರು 89 ಇದ್ದು, ಹೋಲಿಕೆಗೆ ತೆಗೆದುಕೊಂಡ ಸಾಮಾನ್ಯ ತೂಕದ ಮಕ್ಕಳಲ್ಲಿ ಅದು ಸುಮಾರು 97 ಇತ್ತು. ಅವಧಿಗೆ ಮುನ್ನ ಜನಿಸಿದ್ದಲ್ಲದೆ ಆ ಅವಧಿಗೆ ಇರಬೇಕಾದ ತೂಕವೂ ಇಲ್ಲದಿದ್ದ ಮಕ್ಕಳು ಎಲ್ಲರಿಗಿಂತ ಹಿಂದಿದ್ದರು. ಬರವಣಿಗೆ ಮತ್ತು ಗಣಿತದಲ್ಲಿ ತೊಂದರೆ ಎದ್ದು ಕಂಡಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸರಾಸರಿ 89 ಎಂಬುದು ಬೌದ್ಧಿಕ ವೈಕಲ್ಯವಲ್ಲ. ಇಂತಹ ಮಗು ಸಾಮಾನ್ಯ ಶಾಲೆಯಲ್ಲಿ ಕಲಿಯಬಲ್ಲದು. ಆದರೆ ಅದಕ್ಕೆ ಹೆಚ್ಚಿನ ಸಮಯ ಮತ್ತು ಬೇರೆ ರೀತಿಯ ಬೋಧನೆಯ ಅಗತ್ಯವಿರುತ್ತದೆ.

ಕರ್ನಾಟಕದಲ್ಲಿ, ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಜನಿಸಿದ ಮಕ್ಕಳ ಅಧ್ಯಯನವು ಪ್ರಮುಖವಾದುದು. ಪೂರ್ಣಾವಧಿಯಲ್ಲಿ ಜನಿಸಿದ 505 ಮಕ್ಕಳನ್ನು 9–10ನೇ ವಯಸ್ಸಿನಲ್ಲಿ ಪರೀಕ್ಷಿಸಿ, 2010ರಲ್ಲಿ ಪ್ರಕಟಿಸಿದ ವರದಿಯಂತೆ, ಹೆಚ್ಚು ಜನನ ತೂಕ ಹಾಗೂ ಹೆಚ್ಚು ತಲೆಯ ಸುತ್ತಳತೆ ಹೊಂದಿದ್ದ ಮಕ್ಕಳು ಬೌದ್ಧಿಕ ಪರೀಕ್ಷೆಗಳಲ್ಲಿ ಉತ್ತಮ ಅಂಕ ಪಡೆದರು. ಗರ್ಭದಲ್ಲಿನ ಬೆಳವಣಿಗೆಯ ಪ್ರಭಾವವು ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿಯೂ ಶಾಲಾ ವಯಸ್ಸಿನವರೆಗೆ ಕಂಡುಬರುತ್ತದೆ ಎಂಬುದನ್ನು ಇದು ತೋರಿಸುತ್ತದೆ.

ವಿದೇಶಗಳ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ. ತೀವ್ರ ಅವಧಿಪೂರ್ವ ಜನನದ ಮಕ್ಕಳ ಬುದ್ಧಿಮತ್ತೆಯ ಸೂಚ್ಯಂಕವು ಸಹಪಾಠಿಗಳಿಗಿಂತ ಸರಾಸರಿ 11ರಿಂದ 13 ಅಂಕಗಳಷ್ಟು ಕಡಿಮೆ ಇರುವುದಾಗಿ 2002 ಮತ್ತು 2018ರಲ್ಲಿ ಪ್ರಕಟವಾದ ಎರಡು ಸಮಗ್ರ ವಿಶ್ಲೇಷಣೆಗಳು ತಿಳಿಸುತ್ತವೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 1995ರಲ್ಲಿ 26 ವಾರ ತುಂಬುವ ಮೊದಲೇ ಜನಿಸಿದ ಮಕ್ಕಳಲ್ಲಿ, ಸಹಪಾಠಿಗಳೊಂದಿಗೆ ಹೋಲಿಸಿದಾಗ, 6ನೇ ವಯಸ್ಸಿನಲ್ಲಿ ನೂರಕ್ಕೆ 41 ಮಕ್ಕಳಲ್ಲಿ ಗಂಭೀರ ಕೊರತೆ ಕಂಡುಬಂದಿತ್ತು.

ಇವೆಲ್ಲವೂ ಸರಾಸರಿ ಲೆಕ್ಕಗಳು. ಒಂದು ನಿರ್ದಿಷ್ಟ ಮಗು ಹೇಗೆ ಕಲಿಯುವುದೆಂಬುದನ್ನು ಜನನದ ವಾರಗಳಿಂದ ಮಾತ್ರ ಹೇಳಲಾಗದು. ತಾಯಿಯ ವಿದ್ಯಾಭ್ಯಾಸ, ಮನೆಯ ವಾತಾವರಣ, ಪೌಷ್ಟಿಕತೆ ಹಾಗೂ ಸಕಾಲದಲ್ಲಿ ದೊರೆತ ನೆರವು ಇವು ಮಹತ್ವದ ಪಾತ್ರ ವಹಿಸುತ್ತವೆ.

ಶಾಲೆಯಲ್ಲಿ ಕಂಡುಬರುವ ಲಕ್ಷಣಗಳು

ಅವಧಿಗೆ ಮುನ್ನ ಜನಿಸಿದ ಮಗುವಿನಲ್ಲಿ ಈ ಕೆಳಗಿನ ಲಕ್ಷಣಗಳು ಆರು ತಿಂಗಳಿಗಿಂತ ಹೆಚ್ಚು ಕಾಲ ಕಂಡುಬಂದಲ್ಲಿ ಪೋಷಕರು ಮತ್ತು ಶಿಕ್ಷಕರು ಗಮನ ಹರಿಸತಕ್ಕದ್ದು.

1. ಒಂದೇ ಬಾರಿಗೆ ಹೇಳಿದ ಎರಡು-ಮೂರು ಸೂಚನೆಗಳಲ್ಲಿ ಮೊದಲನೆಯದನ್ನು ಮಾತ್ರ ಪಾಲಿಸಿ ಉಳಿದವನ್ನು ಮರೆಯುವುದು.
2. ಕಪ್ಪುಹಲಗೆಯ ಮೇಲಿನ ಪಾಠವನ್ನು ನಕಲು ಮಾಡುವಾಗ ಒತ್ತಕ್ಷರ ಹಾಗೂ ಕಾಗುಣಿತದ ಚಿಹ್ನೆಗಳನ್ನು ಬಿಡುವುದು, ಸಾಲು ತಪ್ಪುವುದು.
3. ಮಗ್ಗಿಯನ್ನು ಬಾಯಿಪಾಠ ಹೇಳಿದರೂ ಲೆಕ್ಕದಲ್ಲಿ ಬಳಸಲು ಬಾರದಿರುವುದು. ದಶಕ ಕೂಡಿಸುವ ಹಾಗೂ ಎರವಲು ಪಡೆಯುವ ಲೆಕ್ಕಗಳಲ್ಲಿ ಗೊಂದಲ.
4. ಉತ್ತರ ತಿಳಿದಿದ್ದರೂ ಹೇಳಲು ಹೆಚ್ಚು ಸಮಯ ತೆಗೆದುಕೊಳ್ಳುವುದು.
5. ಗುಂಡಿ ಹಾಕುವುದು, ಕತ್ತರಿ ಬಳಸುವುದು, ಪೆನ್ಸಿಲ್ ಹಿಡಿಯುವುದು ಮುಂತಾದ ಕೈಕೆಲಸಗಳಲ್ಲಿ ನಿಧಾನ.
6. ತರಗತಿಯಲ್ಲಿ ಸುಮ್ಮನೆ ಕುಳಿತಿದ್ದರೂ ಗಮನ ಬೇರೆಡೆ ಇರುವುದು. ಗುಂಪಿನಲ್ಲಿ ಸೇರಲು ಹಿಂಜರಿಯುವುದು.

ಆರನೆಯ ಅಂಶವು ವಿಶೇಷವಾಗಿ ಗಮನಾರ್ಹ. ಗಲಾಟೆ ಮಾಡುವ ಮಗು ಶಿಕ್ಷಕರ ಕಣ್ಣಿಗೆ ಬೀಳುತ್ತದೆ. ಅವಧಿಪೂರ್ವ ಜನನದ ಮಕ್ಕಳಲ್ಲಿ ಗಮನದ ಕೊರತೆಯು ಅನೇಕ ವೇಳೆ ಚಟುವಟಿಕೆಯ ಅತಿರೇಕವಿಲ್ಲದೆ, ಮೌನವಾಗಿಯೇ ಇರುತ್ತದೆ. ಆದ್ದರಿಂದ ಇದು ಹಲವು ವರ್ಷ ಪತ್ತೆಯಾಗದೆ ಉಳಿಯಬಹುದು. ಮೊದಲ ಎರಡು ತರಗತಿಗಳಲ್ಲಿ ಸಾಗಿಬಂದ ಮಗು, ಪಾಠದ ಪ್ರಮಾಣ ಹೆಚ್ಚುವ ಮೂರನೇ ಅಥವಾ ನಾಲ್ಕನೇ ತರಗತಿಯಲ್ಲಿ ಹಿಂದೆ ಬೀಳುವುದು ಸಾಮಾನ್ಯ.

ದೃಷ್ಟಿ ಮತ್ತು ಶ್ರವಣ ತಪಾಸಣೆ

ಕಲಿಕೆಯ ತೊಂದರೆ ಎಂದು ತೋರುವುದು ಕೆಲವೊಮ್ಮೆ ದೃಷ್ಟಿ ಅಥವಾ ಶ್ರವಣದ ದೋಷವಾಗಿರಬಹುದು. ಅವಧಿಗೆ ಮುನ್ನ ಜನಿಸಿದ ಶಿಶುಗಳ ಕಣ್ಣಿನ ಅಕ್ಷಿಪಟಲದ ರಕ್ತನಾಳಗಳು ಪೂರ್ಣವಾಗಿ ಬೆಳೆದಿರುವುದಿಲ್ಲ. 34 ವಾರಕ್ಕಿಂತ ಮೊದಲು ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಜನಿಸಿದ ಶಿಶುವಿನ ಅಕ್ಷಿಪಟಲವನ್ನು ಜನನದ 30 ದಿನಗಳೊಳಗೆ ಪರೀಕ್ಷಿಸಬೇಕು. ಗ್ರಾಮೀಣ ಭಾಗದ ಶಿಶುಗಳಿಗೆ ದೂರಸಂಪರ್ಕದ ಮೂಲಕ ಈ ತಪಾಸಣೆ ಒದಗಿಸುವ ‘ಕಿಡ್‌ರಾಪ್’ ಕಾರ್ಯಕ್ರಮವು ಕರ್ನಾಟಕದಲ್ಲಿ 2008ರಲ್ಲಿ ಆರಂಭವಾಯಿತು. ಶೈಶವದಲ್ಲಿ ಕಣ್ಣು ಸರಿಯಾಗಿದ್ದರೂ ಮುಂದೆ ಸಮೀಪದೃಷ್ಟಿ ಅಥವಾ ಮೆಳ್ಳೆಗಣ್ಣು ಬರುವ ಸಂಭವವಿರುವುದರಿಂದ ಶಾಲೆಗೆ ಸೇರಿಸುವ ಮುನ್ನ ಕಣ್ಣು ಮತ್ತು ಕಿವಿಯ ತಪಾಸಣೆ ಮಾಡಿಸುವುದು ಅಗತ್ಯ.

ಶಾಲಾ ದಾಖಲಾತಿಯ ವಯಸ್ಸು

ಅವಧಿಪೂರ್ವ ಮಗುವಿನ ಬೆಳವಣಿಗೆಯನ್ನು ಸುಮಾರು ಎರಡು ವರ್ಷದವರೆಗೆ ‘ತಿದ್ದುಪಡಿ ಮಾಡಿದ ವಯಸ್ಸಿನ’ ಆಧಾರದ ಮೇಲೆ ಅಳೆಯಲಾಗುತ್ತದೆ. ಅಂದರೆ ಎಷ್ಟು ವಾರ ಮುಂಚಿತವಾಗಿ ಜನಿಸಿದೆಯೋ ಅಷ್ಟು ವಾರಗಳನ್ನು ಮಗುವಿನ ವಯಸ್ಸಿನಿಂದ ಕಳೆಯಲಾಗುತ್ತದೆ. ಆದರೆ ಶಾಲಾ ದಾಖಲಾತಿಗೆ ಜನನ ಪ್ರಮಾಣಪತ್ರದ ದಿನಾಂಕವನ್ನೇ ಪರಿಗಣಿಸಲಾಗುತ್ತದೆ.

ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶ ಹೊರಡಿಸಲಾಯಿತು. 2025–26ನೇ ಸಾಲಿಗೆ ಮಾತ್ರ ಇದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. 6 ವರ್ಷದ ನಿಯಮವು ಅವಧಿಪೂರ್ವ ಮಗುವಿಗೆ ಹೇಗೆ ಅನ್ವಯವಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು.

2020ರ ಜುಲೈ 20ರಂದು ಹೆರಿಗೆ ನಿರೀಕ್ಷಿಸಲಾಗಿದ್ದ ಮಗು 8 ವಾರ ಮುಂಚಿತವಾಗಿ ಮೇ 25ರಂದು ಜನಿಸಿತೆಂದು ಭಾವಿಸಿದಲ್ಲಿ, 2026ರ ಜೂನ್ 1ಕ್ಕೆ ಆ ಮಗುವಿಗೆ 6 ವರ್ಷ 7 ದಿನಗಳಾಗುತ್ತವೆ. ಆದ್ದರಿಂದ 2026–27ರಲ್ಲಿ ಒಂದನೇ ತರಗತಿಗೆ ಅರ್ಹವಾಗುತ್ತದೆ. ನಿರೀಕ್ಷಿತ ದಿನದಂದೇ ಜನಿಸಿದ್ದರೆ ಅದೇ ಮಗು 2027–28ರಲ್ಲಿ ಅರ್ಹವಾಗುತ್ತಿತ್ತು. ಎಂದರೆ, ಎಂಟು ವಾರಗಳ ಅಂತರವು ಶಾಲೆಯಲ್ಲಿ ಒಂದು ಪೂರ್ಣ ವರ್ಷದ ಅಂತರವಾಗಿ ಪರಿಣಮಿಸುತ್ತದೆ. ತರಗತಿಯಲ್ಲಿಯೇ ಅತ್ಯಂತ ಕಿರಿಯದಾದ ಈ ಮಗುವನ್ನು ತನಗಿಂತ ಸುಮಾರು ಒಂದು ವರ್ಷ ದೊಡ್ಡ ಮಕ್ಕಳೊಂದಿಗೆ ಹೋಲಿಸಲಾಗುತ್ತದೆ.

ಹಾಗೆಂದ ಮಾತ್ರಕ್ಕೆ ದಾಖಲಾತಿಯನ್ನು ಒಂದು ವರ್ಷ ಮುಂದೂಡುವುದೇ ಪರಿಹಾರವೆಂದು ತಿಳಿಯತಕ್ಕದ್ದಲ್ಲ. ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಡವಾಗಿ ಶಾಲೆಗೆ ಸೇರಿದ ಮಕ್ಕಳಿಗೆ ಒಂದನೇ ತರಗತಿಯಲ್ಲಿ ಯಾವುದೇ ಅನುಕೂಲ ಕಂಡುಬರಲಿಲ್ಲ. 8ನೇ ವಯಸ್ಸಿನ ಪರೀಕ್ಷೆಗಳಲ್ಲಿ ಅವರು ಹಿಂದುಳಿದಿದ್ದರು. ಕಾಯುವ ವರ್ಷದಲ್ಲಿ ಬೋಧನೆಯೇ ದೊರೆಯದಿದ್ದಲ್ಲಿ ಮಗುವಿಗೆ ನಷ್ಟವೇ ಹೆಚ್ಚು. ಆದ್ದರಿಂದ ಮಗುವಿನ ಜನನದ ವಿವರವನ್ನು ಶಿಕ್ಷಕರಿಗೆ ತಿಳಿಸಿ, ಆರಂಭದಿಂದಲೇ ನೆರವು ಒದಗಿಸುವುದು ಹೆಚ್ಚು ಪ್ರಯೋಜನಕಾರಿ. ದಾಖಲಾತಿಯ ಬಗ್ಗೆ ಸಂದೇಹವಿರುವ ಪೋಷಕರು ಮಕ್ಕಳ ತಜ್ಞರು ಹಾಗೂ ಮುಖ್ಯೋಪಾಧ್ಯಾಯರೊಂದಿಗೆ ಚರ್ಚಿಸಿ, ಆಯಾ ಸಾಲಿನ ಆದೇಶವನ್ನು ಖಚಿತಪಡಿಸಿಕೊಂಡು ನಿರ್ಧರಿಸುವುದು.

ಲಭ್ಯವಿರುವ ಸೇವೆಗಳು ಮತ್ತು ಪಡೆಯುವ ವಿಧಾನ

1. ಮನೆ ಭೇಟಿ: ಆಸ್ಪತ್ರೆಯಲ್ಲಿ ಹೆರಿಗೆಯಾದ ಶಿಶುವಿನ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನಗಳಂದು, ತದನಂತರ 3, 6, 9, 12 ಮತ್ತು 15ನೇ ತಿಂಗಳುಗಳಲ್ಲಿ ಭೇಟಿ ನೀಡುತ್ತಾರೆ. ಬೆಳವಣಿಗೆಯಲ್ಲಿ ನಿಧಾನ ಕಂಡುಬಂದಲ್ಲಿ ಈ ಭೇಟಿಗಳಲ್ಲಿಯೇ ತಿಳಿಸುವುದು.

2. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ: 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದಡಿ ಜನನದಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ ಹಾಗೂ ಬೆಳವಣಿಗೆಯ ವಿಳಂಬವನ್ನು ಪತ್ತೆಹಚ್ಚಲಾಗುತ್ತದೆ. ಸಂಚಾರಿ ವೈದ್ಯಕೀಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೆ ಒಂದು ಬಾರಿ ಭೇಟಿ ನೀಡುತ್ತವೆ. ತಂಡ ಬರುವ ದಿನ ಮಗು ಹಾಜರಿರುವಂತೆ ನೋಡಿಕೊಂಡು, ಮಗು ಅವಧಿಗೆ ಮುನ್ನ ಜನಿಸಿದೆ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸುವುದು.

3. ಜಿಲ್ಲಾ ಮಟ್ಟದ ತಪಾಸಣೆ: ತಂಡವು ಶಿಫಾರಸು ಮಾಡಿದ ಮಕ್ಕಳನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಮಕ್ಕಳ ತಜ್ಞರು, ಮನಶ್ಶಾಸ್ತ್ರಜ್ಞರು, ವಾಕ್ ಮತ್ತು ಶ್ರವಣ ತಜ್ಞರು, ಭೌತಚಿಕಿತ್ಸಕರು ಹಾಗೂ ವಿಶೇಷ ಶಿಕ್ಷಕರ ಸೇವೆಯನ್ನು ಒಂದೇ ಕಡೆ ಒದಗಿಸುವುದು ಇದರ ಉದ್ದೇಶ. ಹೆಚ್ಚಿನ ಮೌಲ್ಯಮಾಪನದ ಅಗತ್ಯವಿದ್ದಲ್ಲಿ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯನ್ನು, ಮಾತು ಮತ್ತು ಭಾಷೆಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸಂಪರ್ಕಿಸಬಹುದು.

4. ಶಾಲೆಯ ಮಟ್ಟದ ನೆರವು: ಸಮಗ್ರ ಶಿಕ್ಷಣ ಕಾರ್ಯಕ್ರಮದಡಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಮುಖ್ಯೋಪಾಧ್ಯಾಯರ ಮೂಲಕ ಇವರ ನೆರವನ್ನು ಕೋರಬಹುದು.

5. ವಿಕಲಚೇತನರ ಗುರುತಿನ ಚೀಟಿ: ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಗುರುತಿಸಲಾದ 21 ಬಗೆಯ ವೈಕಲ್ಯಗಳಲ್ಲಿ ಬೌದ್ಧಿಕ ವೈಕಲ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ, ಮೆದುಳಿನ ಪಾರ್ಶ್ವವಾಯು ಹಾಗೂ ಸ್ವಲೀನತೆ ಸೇರಿವೆ. ವೈದ್ಯಕೀಯ ಪರೀಕ್ಷೆಯಲ್ಲಿ ಇವು ದೃಢಪಟ್ಟಲ್ಲಿ ಮಾತ್ರ ಯು.ಡಿ.ಐ.ಡಿ. ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಗ್ರಾಮ ಮಟ್ಟದ ಪುನರ್ವಸತಿ ಕಾರ್ಯಕರ್ತರು ಅರ್ಜಿ ಸಲ್ಲಿಸಲು ನೆರವಾಗುತ್ತಾರೆ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಮುಂತಾದ ಸೌಲಭ್ಯಗಳಿಗೂ ಈ ಅಧಿನಿಯಮದಲ್ಲಿ ಅವಕಾಶವಿದೆ.

ಸುರಕ್ಷಿತವಾಗಿ ಇರಿಸಿಕೊಳ್ಳಬೇಕಾದ ದಾಖಲೆಗಳು

ಜನನ ಪ್ರಮಾಣಪತ್ರದಲ್ಲಿ ಮಗು ಎಷ್ಟು ವಾರಗಳಲ್ಲಿ ಜನಿಸಿತೆಂಬ ವಿವರ ಇರುವುದಿಲ್ಲ. ಆದ್ದರಿಂದ ಈ ಕೆಳಗಿನ ದಾಖಲೆಗಳನ್ನು ಮಗುವಿಗೆ ಕನಿಷ್ಠ 10 ವರ್ಷ ತುಂಬುವವರೆಗೆ ಕಾಪಾಡಿಕೊಳ್ಳುವುದು ಒಳಿತು.

1. ನಿರೀಕ್ಷಿತ ಹೆರಿಗೆ ದಿನಾಂಕ ನಮೂದಿಸಿರುವ ತಾಯಿ ಕಾರ್ಡ್
2. ನವಜಾತ ಶಿಶು ಆರೈಕೆ ಘಟಕದಿಂದ ಬಿಡುಗಡೆಯಾದಾಗ ನೀಡಿದ ಸಾರಾಂಶ ಪತ್ರ
3. ಕಣ್ಣು ಮತ್ತು ಕಿವಿ ತಪಾಸಣೆಯ ವರದಿಗಳು
4. ಲಸಿಕೆ ಹಾಗೂ ತೂಕದ ದಾಖಲೆ

ದುಡಿಮೆಗಾಗಿ ಗೋವಾ, ಮಹಾರಾಷ್ಟ್ರ ಅಥವಾ ಕರಾವಳಿ ಜಿಲ್ಲೆಗಳಿಗೆ ತೆರಳುವ ಕುಟುಂಬಗಳು ಈ ದಾಖಲೆಗಳ ಪ್ರತಿಗಳನ್ನು ಜೊತೆಯಲ್ಲಿ ಒಯ್ಯುವುದು. ಸ್ಥಳ ಬದಲಾದಾಗ ತಪಾಸಣೆಯ ಸರಣಿ ತುಂಡಾಗದಿರಲು ಇದು ಸಹಕಾರಿ.

ಶಾಲೆ ಮತ್ತು ಮನೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಯಾವುದೇ ಪ್ರಮಾಣಪತ್ರಕ್ಕಾಗಿ ಕಾಯದೆ, ಖರ್ಚಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳಿವೆ. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು, ಒಂದು ಸಲಕ್ಕೆ ಒಂದೇ ಸೂಚನೆ ನೀಡುವುದು, ನಕಲು ಮಾಡುವ ಕೆಲಸವನ್ನು ಕಡಿಮೆಗೊಳಿಸುವುದು, ಉತ್ತರಿಸಲು ಸಮಯ ಕೊಡುವುದು ಹಾಗೂ ಲೆಕ್ಕವನ್ನು ಹುಣಸೆಬೀಜ, ಕಡ್ಡಿ, ನಾಣ್ಯಗಳಿಂದ ಕಲಿಸುವುದು ಇವು ಪರಿಣಾಮಕಾರಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ನಂತರ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಣೆಯಾದ ನಲಿ-ಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಕೆಯ ಮೆಟ್ಟಿಲುಗಳನ್ನು ಏರುತ್ತದೆ. ನಿಧಾನವಾಗಿ ಗ್ರಹಿಸುವ ಮಗುವಿಗೆ ಈ ಕ್ರಮವು ಅನುಕೂಲಕರ. ಮನೆಯಲ್ಲಿ ಪ್ರತಿದಿನ ಕಥೆ ಹೇಳುವುದು, ಒಗಟು ಬಿಡಿಸುವುದು, ಚೌಕಾಬಾರ, ಅಳಗುಳಿಮಣೆ ಆಡಿಸುವುದು ಇವು ಎಣಿಕೆ, ನೆನಪು ಹಾಗೂ ಗಮನಕ್ಕೆ ಅಭ್ಯಾಸ ನೀಡುತ್ತವೆ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

*ಪ್ರಶ್ನೆ: ಮಗು 35 ವಾರಕ್ಕೆ ಜನಿಸಿದೆ. ಬುದ್ಧಿಮತ್ತೆಯ ಪರೀಕ್ಷೆ ಕಡ್ಡಾಯವೇ?*
ಉತ್ತರ: ಇಲ್ಲ. ಮಗು ಚೆನ್ನಾಗಿ ಕಲಿಯುತ್ತಿದ್ದಲ್ಲಿ ಪರೀಕ್ಷೆಯ ಅಗತ್ಯವಿಲ್ಲ. ಮೇಲ್ಕಂಡ ಲಕ್ಷಣಗಳಿದ್ದಲ್ಲಿ ಮಾತ್ರ ತಜ್ಞರನ್ನು ಸಂಪರ್ಕಿಸುವುದು.

*ಪ್ರಶ್ನೆ: ಪರೀಕ್ಷೆಯನ್ನು ಕನ್ನಡದಲ್ಲಿ ಮಾಡಲಾಗುತ್ತದೆಯೇ?*
ಉತ್ತರ: ಮಗು ಮನೆಯಲ್ಲಿ ಆಡುವ ಭಾಷೆಯಲ್ಲಿಯೇ ಪರೀಕ್ಷಿಸುವಂತೆ ಕೇಳಬಹುದು. ಇಂದಿಗೂ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆಯನ್ನು ಡಾ. ವಿ.ವಿ. ಕಾಮತ್ ಅವರು ಧಾರವಾಡ ಭಾಗದ ಮಕ್ಕಳಿಗಾಗಿ ಕನ್ನಡ ಮತ್ತು ಮರಾಠಿಗಳಲ್ಲಿ ಅಳವಡಿಸಿದ್ದರು.

*ಪ್ರಶ್ನೆ: ಖಾಸಗಿ ಶಾಲೆಯ ಮಗುವಿಗೆ ತಪಾಸಣೆ ದೊರೆಯುವುದೇ?*
ಉತ್ತರ: ಸಂಚಾರಿ ತಂಡಗಳ ಶಾಲಾ ಭೇಟಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಸೀಮಿತ. ಇತರ ಶಾಲೆಗಳ ಮಕ್ಕಳನ್ನು ಪೋಷಕರು ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಕರೆತರಬಹುದು.

*ಪ್ರಶ್ನೆ: ಜನನದ ವಿವರ ತಿಳಿಸಿದರೆ ಶಾಲೆಯು ದಾಖಲಾತಿ ನಿರಾಕರಿಸಬಹುದೇ?*
ಉತ್ತರ: ಇಲ್ಲ. ಶಿಕ್ಷಣ ಹಕ್ಕು ಅಧಿನಿಯಮ, 2009ರಂತೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಮತ್ತು ಕಡ್ಡಾಯ ಶಿಕ್ಷಣ ಪಡೆಯುವ ಹಕ್ಕಿದೆ. ಅವಧಿಪೂರ್ವ ಜನನವು ನಿರಾಕರಣೆಗೆ ಕಾರಣವಾಗಲಾರದು.

ಸಂಪರ್ಕ

ಹೆಚ್ಚಿನ ಮಾಹಿತಿಗಾಗಿ ಪೋಷಕರು ತಮ್ಮ ವ್ಯಾಪ್ತಿಯ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಶಾಲೆಯ ಮುಖ್ಯೋಪಾಧ್ಯಾಯರು, ಬಾಗಲಕೋಟೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಅಥವಾ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸುವುದು. ಒಂದನೇ ತರಗತಿಗೆ ದಾಖಲಿಸುವ ದಿನ ತಾಯಿ ಕಾರ್ಡಿನ ಪ್ರತಿಯನ್ನು ತರಗತಿ ಶಿಕ್ಷಕರಿಗೆ ತೋರಿಸಿ, ಮಗು ಎಷ್ಟು ವಾರ ಮುಂಚಿತವಾಗಿ ಜನಿಸಿದೆ ಎಂಬುದನ್ನು ತಿಳಿಸುವಂತೆ ಪೋಷಕರಲ್ಲಿ ಕೋರಲಾಗಿದೆ.